ಎಣ್ಣೆಯ ಉಳಿತಾಯವೋ, ಸಾಲದ ಹೊರೆಯೋ?

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ನಮ್ಮ ಊರುಗಳಲ್ಲಿ ಮೊದಲು ಬದಲಾಗುವುದು ಮನೆಯ ಮುಂದೆ ನಿಂತಿರುವ ಗಾಡಿ. 2025ರ ಆರಂಭದಲ್ಲಿ ಅರೇಬಿಕಾ ಕಾಫಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಪೌಂಡಿಗೆ 4 ಡಾಲರನ್ನು ದಾಟಿತು. ಅಂದಿನಿಂದ ಸದಸ್ಯ ಬಂಧುಗಳು ಸೇರಿದಲ್ಲೆಲ್ಲ ಹೊಸ ಕಾರು, ಹೊಸ ಜೀಪುಗಳದೇ ಮಾತು. ಗಾಡಿ ಕೊಳ್ಳುವುದು ಅವರವರ ಇಷ್ಟ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಕೊಳ್ಳುವವರೆಲ್ಲ ಹೇಳುವ ಕಾರಣ ಒಂದೇ: "ಹಳೆಯದು ವಿಪರೀತ ಎಣ್ಣೆ ಕುಡಿಯುತ್ತದೆ, ಹೊಸದರಲ್ಲಿ ಉಳಿತಾಯವಾಗುತ್ತದೆ." ಈ ಮಾತನ್ನು ಲೆಕ್ಕ ಹಾಕದೆ ಒಪ್ಪಬಾರದೆಂದು ಹೇಳುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ತೋಟ ಮಲೆನಾಡಿನ ಕೊಪ್ಪದಲ್ಲಿ. ಮಗಳನ್ನು ಕೊಟ್ಟಿರುವುದು ಕೊಪ್ಪಳ ಜಿಲ್ಲೆಯ ಗಂಗಾವತಿಗೆ. ಆ ಸೀಮೆಯಲ್ಲಿ ಕಾಫಿಯಿಲ್ಲ, ನಮ್ಮಂತೆ ಮಳೆಯೂ ಇಲ್ಲ. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕುಷ್ಟಗಿ, ಯಲಬುರ್ಗಾಗಳಲ್ಲಿ ಹೆಚ್ಚಾಗಿ ಮಳೆಯನ್ನೇ ನಂಬಿದ ಬೇಸಾಯ. ಕಳೆದ ಬಾರಿ ಹೋದಾಗ ಬೀಗರ ಮನೆಯಲ್ಲಿ ಇದೇ ಗಾಡಿಯ ಚರ್ಚೆ ನಡೆದಿತ್ತು. ಅಳಿಯಂದಿರು ಕಾರು ಬದಲಿಸಬೇಕೆಂದಿದ್ದರು. ಯಲಬುರ್ಗಾದಲ್ಲಿರುವ ಬೀಗರ ತಮ್ಮಂದಿರು ತಮ್ಮ ಹಳೆಯ ಡೀಸೆಲ್ ಜೀಪನ್ನು ಕೊಟ್ಟು ಹೊಸದನ್ನು ತರಬೇಕೆಂದಿದ್ದರು. ಇಬ್ಬರ ವಾದವೂ ಎಣ್ಣೆಯ ಉಳಿತಾಯವೇ. ಬೀಗರು ಕೇಳಿದ್ದು ಒಂದೇ ಪ್ರಶ್ನೆ: "ಎಣ್ಣಿ ಉಳಿತೈತಿ, ಖರೆ. ರೊಕ್ಕ ಉಳಿತೈತೇನ್ರೀ?"

ಕಾಗದ, ಪೆನ್ನು ತೆಗೆದುಕೊಂಡು ಕುಳಿತೆವು. ಯಲಬುರ್ಗಾದ ಜೀಪು ಹೊಲಕ್ಕೆ, ಸಂತೆಗೆ, ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಎಂದು ವರ್ಷಕ್ಕೆ 5,000 ಕಿಲೋಮೀಟರು ಓಡುತ್ತದೆ. ಲೀಟರಿಗೆ 10 ಕಿಲೋಮೀಟರಿನಂತೆ 500 ಲೀಟರು ಡೀಸೆಲ್ ಬೇಕು. ಹೊಸದು 15 ಕೊಟ್ಟರೆ 333 ಲೀಟರು ಸಾಕು. ಉಳಿಯುವುದು 167 ಲೀಟರು. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಸುಮಾರು 15,000 ರೂಪಾಯಿ. ಹೊಸ ಜೀಪಿನ ಬೆಲೆಯಲ್ಲಿ ಹಳೆಯದರಿಂದ ಬರುವ ಹಣವನ್ನು ಕಳೆದರೆ ಕೈಯಿಂದ ಹಾಕಬೇಕಾದದ್ದು 10 ಲಕ್ಷ. ಶೇಕಡಾ 9ರಂತೆ ಅದರ ಮೊದಲ ವರ್ಷದ ಬಡ್ಡಿಯೇ 90,000 ರೂಪಾಯಿ. ಅಂದರೆ ಉಳಿದ ಎಣ್ಣೆಯ ಹಣ ಬಡ್ಡಿಯ ಸುಮಾರು ಆರನೆಯ ಒಂದು ಪಾಲಿಗಷ್ಟೇ ಸಾಕು. ಅಸಲಿನ ಮಾತು ದೂರವೇ ಉಳಿಯಿತು.

ಅಳಿಯಂದಿರ ಲೆಕ್ಕ ಬೇರೆ. ಅವರ ಕೆಲಸ ಕೊಪ್ಪಳದಲ್ಲಿ. ಗಂಗಾವತಿಯಿಂದ ಹೋಗಿ ಬರಲು ದಿನಕ್ಕೆ ಸುಮಾರು 90 ಕಿಲೋಮೀಟರು. ವರ್ಷಕ್ಕೆ 300 ದಿನವಾದರೆ 27,000. ಹಳೆಯ ಕಾರು ಲೀಟರಿಗೆ 12 ಕೊಡುತ್ತದೆ, ಹೊಸದು 20 ಕೊಡುತ್ತದೆ. 2,250 ಲೀಟರಿನ ಬದಲು 1,350 ಲೀಟರು ಸಾಕು. 900 ಲೀಟರಿನ ಉಳಿತಾಯ. ಪೆಟ್ರೋಲಿಗೆ 100 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 90,000. ಇದು ಸಣ್ಣ ಮೊತ್ತವಲ್ಲ. ಆದರೂ ಹೊಸ ಕಾರಿಗೆ 6.5 ಲಕ್ಷ ಹೆಚ್ಚುವರಿ ಹಾಕಿದರೆ, ಬಡ್ಡಿ ಸಹಿತ ಆ ಹಣ ಹಿಂದಿರುಗಲು 12 ವರ್ಷಗಳಾದರೂ ಬೇಕು. ಅದೇ ಮೈಲೇಜು ಕೊಡುವ, ಮೂರು ನಾಲ್ಕು ವರ್ಷ ಓಡಿದ ಒಳ್ಳೆಯ ಕಾರನ್ನು 2 ಲಕ್ಷ ಹೆಚ್ಚುವರಿ ಕೊಟ್ಟು ತಂದರೆ ಮೂರು ವರ್ಷದೊಳಗೆ ಲೆಕ್ಕ ಚುಕ್ತಾ ಆಗುತ್ತದೆ. ಅಳಿಯಂದಿರು ಹಾಗೆಯೇ ಮಾಡಿದರು. ಯಲಬುರ್ಗಾದ ಜೀಪು ಇದ್ದಲ್ಲೇ ಇದೆ.

ಊರಿಗೆ ಬಂದವನು ನನ್ನ ಕಾರಿನ ಲೆಕ್ಕವನ್ನೂ ಹಾಕಿದೆ. ನಾನೂ ಬದಲಿಸುವ ಮನಸ್ಸು ಮಾಡಿದ್ದವನೇ. ಅಳಿಯಂದಿರ ಹಳೆಯ ಕಾರಿನಷ್ಟೇ ಮೈಲೇಜು, ಹೊಸದಕ್ಕೆ ಅಷ್ಟೇ ಹೆಚ್ಚುವರಿ ಹಣ. ವರ್ಷದ ಬಡ್ಡಿ 58,500 ರೂಪಾಯಿ. ಕಿಲೋಮೀಟರಿಗೆ ಉಳಿಯುವುದು 3 ರೂಪಾಯಿ 33 ಪೈಸೆ. ಹಾಗಾಗಿ ಬಡ್ಡಿಯೊಂದೇ ಹುಟ್ಟಬೇಕಾದರೂ ವರ್ಷಕ್ಕೆ 17,500 ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ನನ್ನ ಕಾರು ಓಡುವುದು 6,000. ಆಸೆಯನ್ನು ಅಲ್ಲಿಗೇ ಬಿಟ್ಟೆ.

ಮೈಲೇಜಿನ ಅಂಕಿಗಳಲ್ಲಿಯೂ ಒಂದು ಮೋಸವಿದೆ. 15ರಿಂದ 25ಕ್ಕೆ ಏರಿದರೆ ದೊಡ್ಡ ಲಾಭ, 8ರಿಂದ 12ಕ್ಕೆ ಏರಿದರೆ ಸಣ್ಣ ಲಾಭ ಎಂದು ತೋರುತ್ತದೆ. 10,000 ಕಿಲೋಮೀಟರಿಗೆ ಲೆಕ್ಕ ಹಾಕಿ ನೋಡಿ: ಮೊದಲನೆಯದರಲ್ಲಿ ಉಳಿಯುವುದು 267 ಲೀಟರು, ಎರಡನೆಯದರಲ್ಲಿ 417 ಲೀಟರು. ಆದ್ದರಿಂದ ಮನೆಯಲ್ಲಿ ಎರಡು ಗಾಡಿಗಳಿದ್ದರೆ, ಹೆಚ್ಚು ಕುಡಿಯುವ ಗಾಡಿಯ ಓಟವನ್ನು ಕಡಿಮೆ ಮಾಡುವುದೇ ಮೊದಲ ಉಳಿತಾಯ. ಒಬ್ಬರೇ ಸೊಸೈಟಿಗೆ ಬರಲು ಜೀಪು ಯಾಕೆ? ಸ್ಕೂಟರು ಸಾಲದೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಬೀಗಿತಿಯವರು ಹುಲಿಗಿಯ ಹುಲಿಗೆಮ್ಮನ ದರ್ಶನಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಾರೆ. ಕಾರು ಮನೆಯಲ್ಲೇ ಇರುತ್ತದೆ.

ವಿದ್ಯುತ್ ಕಾರಿನ ಬಗೆಗೂ ಸದಸ್ಯರು ಕೇಳುತ್ತಾರೆ. ಸಣ್ಣ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಏಳು ಕಿಲೋಮೀಟರು ಓಡಿದರೂ, ಯೂನಿಟ್ಟಿಗೆ 8 ರೂಪಾಯಿಯಂತೆ ಕಿಲೋಮೀಟರಿಗೆ ಸ್ವಲ್ಪ ಮೇಲೆ ಒಂದು ರೂಪಾಯಿ. ಲೀಟರಿಗೆ 12 ಕೊಡುವ ಪೆಟ್ರೋಲ್ ಕಾರಿಗೆ ಎಂಟು ರೂಪಾಯಿಗೂ ಹೆಚ್ಚು. ದಿನಕ್ಕೆ 90 ಕಿಲೋಮೀಟರು ಓಡಿ, ರಾತ್ರಿ ಮನೆಯಲ್ಲೇ ಚಾರ್ಜು ಮಾಡುವವರಿಗೆ 8.5 ಲಕ್ಷ ಹೆಚ್ಚುವರಿ ಹಾಕಿದರೂ ಸುಮಾರು ಆರು ವರ್ಷಗಳಲ್ಲಿ ಹಣ ಹಿಂದಿರುಗುತ್ತದೆ. ವರ್ಷಕ್ಕೆ 6,000 ಓಡುವ ನನ್ನಂಥವರಿಗೆ ಇಲ್ಲಿಯೂ ಬಡ್ಡಿ ಹುಟ್ಟುವುದಿಲ್ಲ. ತೀರ್ಮಾನಿಸುವುದು ಯಂತ್ರವಲ್ಲ, ಓಟ.

ಇನ್ನು ಕಂಪನಿಯವರು ಹೇಳುವ ಮೈಲೇಜನ್ನೇ ಲೆಕ್ಕಕ್ಕೆ ಹಿಡಿಯಬಾರದು. ಅದು ಪರೀಕ್ಷಾ ಕೇಂದ್ರದಲ್ಲಿ ಗೊತ್ತುಪಡಿಸಿದ ಅಂಕಿ. ಕೊಪ್ಪಳದ ಕಡೆಯ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರು, ನಮ್ಮ ಘಟ್ಟದ ತಿರುವುಗಳಲ್ಲಿ ಎರಡನೆಯ ಗೇರಿನಲ್ಲಿ ಏರುವಾಗ ಅಷ್ಟೇ ಮೈಲೇಜು ಕೊಡಲಾರದು. ಟ್ಯಾಂಕು ತುಂಬಿಸಿ, ಕಿಲೋಮೀಟರು ಬರೆದಿಟ್ಟು, ಮತ್ತೆ ತುಂಬಿಸುವಾಗ ಎಷ್ಟು ಲೀಟರು ಹಿಡಿಯಿತೆಂದು ನೋಡುವುದೇ ಸರಿಯಾದ ಕ್ರಮ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುವುದನ್ನೂ ಮರೆಯಬಾರದು. ಅದಕ್ಕೆಂದು ಸಿದ್ಧವಾಗಿರದ ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಗಾಡಿ ಕೆಟ್ಟಿತೆಂದು ತಿಳಿಯುವ ಮೊದಲು ಇದನ್ನೂ, ಚಕ್ರದ ಗಾಳಿಯನ್ನೂ ನೋಡಿಕೊಳ್ಳತಕ್ಕದ್ದು.

ಹಳೆಯ ಗಾಡಿಯನ್ನು ಕೊನೆಯವರೆಗೂ ಇಟ್ಟುಕೊಳ್ಳಿರೆಂದು ನಾನು ಹೇಳುತ್ತಿಲ್ಲ. ರಿಪೇರಿಯ ಖರ್ಚನ್ನು ಹಳೆಯದರ ಲೆಕ್ಕಕ್ಕೆ ಸೇರಿಸಲೇಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಿಂದ 10,000 ಆಯಿತು. ಇತ್ತ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದು ಬೆಲೆಯೂ ತಗ್ಗಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಳೆಗಾಲದ ನಡುರಾತ್ರಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸಬೇಕಾದಾಗ ಗಾಡಿ ಸ್ಟಾರ್ಟ್ ಆಗದಿದ್ದರೆ ಯಾವ ಲೆಕ್ಕವೂ ಉಪಯೋಗಕ್ಕೆ ಬಾರದು. ಅಂಥ ಭಯವಿದ್ದರೆ ಗಾಡಿಯನ್ನು ಬದಲಿಸಲೇಬೇಕು. ಆದರೆ ಅದನ್ನು ಸುರಕ್ಷತೆಯ ಖರ್ಚೆಂದು ಕರೆಯೋಣ. ಉಳಿತಾಯವೆಂದು ಕರೆದು ನಮ್ಮನ್ನು ನಾವೇ ನಂಬಿಸಿಕೊಳ್ಳುವುದು ಬೇಡ.

ಏಕೆಂದರೆ ಸಾಲದ ಕಂತು ಏಳು ವರ್ಷ ಬರುತ್ತದೆ. ಒಳ್ಳೆಯ ಬೆಲೆ ಏಳು ವರ್ಷ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಇದೇ ಅರೇಬಿಕಾ 2001ರಲ್ಲಿ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿದ್ದದ್ದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದಾರೆ. ಅಡಿಕೆಗೆ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಬೀಗರ ಸೀಮೆಯಲ್ಲಿಯೂ ಅಷ್ಟೇ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಗಾಡಿಯ ಕಂತು ಕಟ್ಟುತ್ತಿದ್ದ ಭತ್ತದ ಬೆಳೆಗಾರರಿಗೆ ನಿದ್ದೆ ಬಂದಿರಲಾರದು.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ಸಲಹೆ. ವಾಹನ ಸಾಲದ ಅರ್ಜಿಯಲ್ಲಿ ಎರಡು ಅಂಕಣಗಳನ್ನು ಸೇರಿಸಲಿ: ಈಗಿನ ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರು ಓಡುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ. ಉತ್ತರ ನೋಡಿ ಅರ್ಜಿಯನ್ನು ತಿರಸ್ಕರಿಸಬೇಕೆಂದಲ್ಲ. ಆ ಎರಡು ಅಂಕಿಗಳನ್ನು ಬರೆಯಬೇಕಾದರೆ ಅರ್ಜಿದಾರರು ಆರು ತಿಂಗಳಾದರೂ ಗಾಡಿಯಲ್ಲಿ ಒಂದು ಪುಸ್ತಕ ಇಡಬೇಕಾಗುತ್ತದೆ. ಪುಸ್ತಕ ಇಟ್ಟವರಲ್ಲಿ ಕೆಲವರು ಧೈರ್ಯವಾಗಿ ಸಾಲ ತೆಗೆದುಕೊಳ್ಳುವರು, ಕೆಲವರು ಅರ್ಜಿಯನ್ನೇ ಹಿಂದಕ್ಕೆ ಪಡೆಯುವರು. ಇಬ್ಬರಿಗೂ ಸಂಘ ಉಪಕಾರ ಮಾಡಿದಂತಾಗುವುದು.