ಔಷಧದ ಲಾಭ ಮತ್ತು ವೈದ್ಯನ ಕಾಯಕ

ವೈದ್ಯನಿಗೆ ಹಣ ಸಂದಾಯವಾಗುವ ರೀತಿಯು ಅವನ ನಿರ್ಧಾರದ ಮೇಲೂ ಪ್ರಭಾವ ಬೀರುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದಕ್ಕೆ ಸ್ಪಷ್ಟ ನಿದರ್ಶನವುಂಟು.

ಅಮೆರಿಕದಲ್ಲಿ ವೃದ್ಧರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿದೆ. ಅಲ್ಲಿನ ಅನೇಕ ಕ್ಯಾನ್ಸರ್ ವೈದ್ಯರು ಕೀಮೋಥೆರಪಿ ಔಷಧಗಳನ್ನು ತಾವೇ ಕೊಂಡು, ರೋಗಿಗೆ ನೀಡಿ, ಬಳಿಕ ವಿಮೆಯಿಂದ ಹಣ ಪಡೆಯುತ್ತಾರೆ. ಹಿಂದೆ ಕೊಂಡ ಬೆಲೆಗಿಂತ ಬಹಳ ಹೆಚ್ಚು ದೊರೆಯುತ್ತಿತ್ತು. 2003ರ ಕಾಯ್ದೆಯಂತೆ, 2005ರಿಂದ ಸರಾಸರಿ ಮಾರಾಟ ಬೆಲೆಯ ಮೇಲೆ ಶೇಕಡಾ 6 ಮಾತ್ರವೆಂದು ಗೊತ್ತುಪಡಿಸಲಾಯಿತು. ಲಾಭ ತಗ್ಗಿದರೆ ಕೀಮೋಥೆರಪಿಯೂ ತಗ್ಗೀತೆಂದು ಭಾವಿಸಬಹುದಿತ್ತು. ಆದರೆ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು ತುಸು ಹೆಚ್ಚಿತು. ಲಾಭ ಕುಸಿದ ಕಾರ್ಬೋಪ್ಲಾಟಿನ್ ಬಳಕೆ ಇಳಿದು, ಲಾಭ ಉಳಿದ ಡೋಸಿಟ್ಯಾಕ್ಸೆಲ್ ಬಳಕೆ ಏರಿತೆಂದು ಸಂಶೋಧಕರು ಕಂಡುಕೊಂಡರು. ಶೇಕಡಾವಾರು ಲೆಕ್ಕದಲ್ಲಿ ದುಬಾರಿ ಔಷಧಕ್ಕೇ ಹೆಚ್ಚು ಲಾಭವಲ್ಲವೇ?

ಪರದೇಶದವರನ್ನು ದೂರಿ ನಾವು ಸುಮ್ಮನಿರಲಾಗದು. ನಮ್ಮ ಆಯುರ್ವೇದದಲ್ಲಿಯೂ ಔಷಧವನ್ನು ಸೂಚಿಸುವವನೇ ಮಾರುವ ವಾಡಿಕೆಯಿದೆ. ಸುವರ್ಣಭಸ್ಮದ ಮಾತ್ರೆಯನ್ನು ಕೊಡುವಾಗ, ಇದು ರೋಗಿಯ ಹಿತಕ್ಕೋ ನಮ್ಮ ಗಲ್ಲಾಪೆಟ್ಟಿಗೆಗೋ ಎಂದು ನಾವೂ ಕೇಳಿಕೊಳ್ಳಬೇಕು.

ವೈದ್ಯರೆಲ್ಲರೂ ಲೋಭಿಗಳೆಂದು ಇದರ ಅರ್ಥವಲ್ಲ. ಸಂದೇಹದಿಂದ ಭಕ್ತರು ಕ್ಯಾನ್ಸರ್ ಚಿಕಿತ್ಸೆಯನ್ನು ತೊರೆಯಲೂ ಬಾರದು. ವಿಳಂಬವು ಪ್ರಾಣಕ್ಕೇ ಎರವಾದೀತು. ಇಷ್ಟೇ ಗುಣವುಳ್ಳ, ಕಡಿಮೆ ಬೆಲೆಯ ಔಷಧವುಂಟೇ? ಇದರಿಂದ ಆಗುವ ಪ್ರಯೋಜನವೆಷ್ಟು? ಎಂದು ವಿನಯದಿಂದ ಕೇಳಿರಿ. ಬೇಕೆನಿಸಿದರೆ ಬೆಂಗಳೂರಿನ ಕಿದ್ವಾಯಿಯಂತಹ ಸರ್ಕಾರಿ ಸಂಸ್ಥೆಯಲ್ಲಿ ಮತ್ತೊಂದು ಅಭಿಪ್ರಾಯ ಪಡೆಯಿರಿ.

ವೈದ್ಯನ ಶ್ರಮಕ್ಕೆ ನ್ಯಾಯವಾದ ಸಂಭಾವನೆ ಸಲ್ಲಲಿ. ಔಷಧದ ಲಾಭ ಮಾತ್ರ ಅದರಿಂದ ಬೇರೆಯಾಗಲಿ ಎಂಬುದು ನಮ್ಮ ನಿಲುವು. ಶರಣರು ಕಾಯಕಕ್ಕೆ ಬಯಸಿದ ಶುದ್ಧಿಯೂ ಇದೇ.