ದೊಡ್ಡ ಟೈರು, ಚಿಕ್ಕ ಲೆಕ್ಕ

ಜೀಪಿನ ಟೈರಿನ ವಿಷಯದಲ್ಲಿ ನಿವೃತ್ತ ಗಣಿತದ ಮೇಷ್ಟ್ರಿಗೇನು ಕೆಲಸ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನನಗೆ ಇಂದಿಗೂ ಕಾರು ಓಡಿಸಲು ಬಾರದು. ಮೊದಲು ಒಂದು ಸೈಕಲ್ಲಿತ್ತು, ಆಮೇಲೆ ಒಂದು ಸ್ಕೂಟರು, ಈಗ ಎರಡೂ ಇಲ್ಲ. ಆದರೆ ಮೂಡಿಗೆರೆ ಸೀಮೆಯಲ್ಲಿ ಮೂರು ದಶಕಗಳ ಕಾಲ ಪಾಠ ಹೇಳಿದವನು ಜೀಪಿನ ಹಿಂಬದಿಯ ಬೆಂಚಿನ ಮೇಲೆ ಕಳೆದ ಗಂಟೆಗಳನ್ನು ಕೂಡಿಸಿದರೆ, ಅದು ಬೋರ್ಡಿನ ಮುಂದೆ ನಿಂತ ಗಂಟೆಗಳಿಗೆ ಬಹಳ ಕಡಿಮೆಯೇನೂ ಆಗಲಾರದು. ಚುನಾವಣೆಯ ಕರ್ತವ್ಯಕ್ಕೆ ಮತಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದದ್ದು ಜೀಪಿನಲ್ಲಿ. ಜನಗಣತಿಗೆ ಹೋದದ್ದು ಜೀಪಿನಲ್ಲಿ. ಮಳೆಗಾಲದಲ್ಲಿ ಬಸ್ಸು ನಿಂತುಹೋದಾಗ ಶಾಲೆಗೆ ಬಂದದ್ದೂ ಯಾರದೋ ತೋಟದ ಜೀಪಿನಲ್ಲಿಯೇ.

ಆ ಜೀಪುಗಳ ಟೈರು ಎಷ್ಟು ಸಣ್ಣಗಿದ್ದವು ಎಂಬುದು ಈಗಿನವರಿಗೆ ತಿಳಿಯದು. 6.00-16 ಎಂದು ಅದರ ಮೈಮೇಲೆ ಅಚ್ಚಾಗಿರುತ್ತಿತ್ತು. ಆರು ಇಂಚಿನ ಟೈರು, ಹದಿನಾರು ಇಂಚಿನ ರಿಮ್ಮು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದೂ ಇದೇ ಅಳತೆ. ಆಷಾಢದ ಮಳೆಯಲ್ಲಿ ತೋಟದ ಕೆಮ್ಮಣ್ಣಿನ ದಾರಿ ಬೆಣ್ಣೆಯಂತಾದಾಗ ಚಾಲಕರು ಆ ಟೈರುಗಳಿಗೆ ಕಬ್ಬಿಣದ ಚೈನು ಸುತ್ತುತ್ತಿದ್ದರು. ಬಳಿಕ ಜೀಪು ಗೊರಗೊರ ಸದ್ದು ಮಾಡುತ್ತ, ನಮ್ಮ ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಪ್ರತ್ಯೇಕವಾಗಿ ಪರಿಚಯಿಸುತ್ತ, ಏರು ಹತ್ತಿಬಿಡುತ್ತಿತ್ತು. ಕಿರಿದಾದ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲವಾದ ಟೈರು ಮರಳಿನ ಮೇಲೆ ಹುಗಿಯದೆ ತೇಲುತ್ತದೆ. ಆದರೆ ನಮ್ಮ ಊರಿನ ಕೆಸರಿನ ಮೇಲೆಯೂ ಹಾಗೆಯೇ ತೇಲುವುದಕ್ಕೆ ಹೋದರೆ ಬರುವುದು ಹಿಡಿತವಲ್ಲ, ಜಾರಾಟ. ಟೈರು ದೊಡ್ಡದಾದಷ್ಟೂ ಒಳ್ಳೆಯದು ಎನ್ನುವವರು ಈ ಮಾತನ್ನು ಮರೆಯುತ್ತಾರೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕೊಟ್ಟಿಗೆಹಾರದ ಬಳಿ ನನ್ನ ಅಕ್ಕನ ಮನೆ. ಅಕ್ಕನ ಮಗ ಕಾಫಿ, ಮೆಣಸು ಬೆಳೆದುಕೊಂಡು ಅಪ್ಪ ಅಮ್ಮನ ಜೊತೆಗಿದ್ದಾನೆ. ಹತ್ತನೆಯ ತರಗತಿಯಲ್ಲಿ ನನ್ನ ಬಳಿಯೇ ಗಣಿತ ಕಲಿತವನು. ಹೊಸ ಮಾದರಿಯ ಮಹೀಂದ್ರಾ ಥಾರ್ 2020ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದಿತಷ್ಟೆ. ಮರುವರ್ಷವೇ ಇವನ ಅಂಗಳದಲ್ಲಿ ಒಂದು ಬಂದು ನಿಂತಿತು. ಹದಿನಾರು ಇಂಚಿನ ರಿಮ್ಮಿನದು. ಕಂಪನಿ ಕೊಟ್ಟ ಟೈರಿನ ಅಳತೆ 245/75 ಆರ್ 16. ಒಂದೂವರೆ ವರ್ಷ ಓಡಿಸಿದ. ಆಮೇಲೆ ಒಂದು ದಿನ ಪಟ್ಟಣಕ್ಕೆ ಹೋದವನು ನಾಲ್ಕು ಚಕ್ರಕ್ಕೂ 285/75 ಆರ್ 16 ಹಾಕಿಸಿಕೊಂಡು ಬಂದ. ಈ ಲೋಕದ ಭಾಷೆಯಲ್ಲಿ ಇದನ್ನು ಮೂವತ್ತಮೂರು ಇಂಚಿನ ಟೈರು ಎನ್ನುತ್ತಾರಂತೆ. ಗಾಡಿ ನೋಡಲು ಗಂಭೀರವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಎದೆ ಸೆಟೆಸಿ ನಿಂತ ಪೈಲ್ವಾನನ ಹಾಗೆ.

"ಉಜ್ಜುವುದಿಲ್ಲವೇನೋ?" ಎಂದು ಕೇಳಿದೆ.

"ಇಲ್ಲ ಮಾವ, ಅಂಗಡಿಯ ಮುಂದೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ್ದಾರೆ. ನೀವು ಸುಮ್ಮನೆ ಹೆದರಬೇಡಿ," ಎಂದ.

ನಾನು ಹೆದರಲಿಲ್ಲ, ಲೆಕ್ಕ ಹಾಕಿದೆ. ಟೈರಿನ ಮೈಮೇಲಿನ ಈ ಅಂಕಿಗಳು ಮಂತ್ರವೇನಲ್ಲ, ಏಳನೆಯ ತರಗತಿಯ ಶೇಕಡಾವಾರು. ಮೊದಲನೆಯದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಪಕ್ಕದ ಗೋಡೆಯ ಎತ್ತರ ಎಂಬುದು. 'ಆರ್' ಎಂದರೆ ರೇಡಿಯಲ್. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಬೆರೆಸಿ ಬರೆಯುವ ಈ ಪದ್ಧತಿಯನ್ನು ನನ್ನ ವಿದ್ಯಾರ್ಥಿ ಯಾರಾದರೂ ಉತ್ತರಪತ್ರಿಕೆಯಲ್ಲಿ ಅನುಸರಿಸಿದ್ದರೆ ಒಂದು ಅಂಕ ಕಳೆಯುತ್ತಿದ್ದೆ. ಹಳೆಯ ಟೈರಿನಲ್ಲಿ 245ರ ಶೇಕಡಾ 75 ಎಂದರೆ 183.75, ಮೇಲೊಂದು ಕೆಳಗೊಂದು ಗೋಡೆ, ಒಟ್ಟು 367.5, ರಿಮ್ಮಿನ 16 ಇಂಚು ಎಂದರೆ 406.4, ಕೂಡಿಸಿದರೆ ವ್ಯಾಸ 773.9 ಮಿಲಿಮೀಟರ್. ಹೊಸ ಟೈರಿನದು ಇದೇ ಕ್ರಮದಲ್ಲಿ 833.9. ಸರಿಯಾಗಿ 60 ಮಿಲಿಮೀಟರು ಹೆಚ್ಚು, ಶೇಕಡಾ ಏಳೂಮುಕ್ಕಾಲರಷ್ಟು.

ಆರು ಸೆಂಟಿಮೀಟರು ಹೆಚ್ಚಿದರೆ ಗಾಡಿಯ ಹೊಟ್ಟೆ ನೆಲದಿಂದ ಮೇಲೇರುವುದು ಅದರ ಅರ್ಧ ಮಾತ್ರ, ಮೂರು ಸೆಂಟಿಮೀಟರು. ಲಾಭ ಅಷ್ಟೇ. ನಷ್ಟದ ಪಟ್ಟಿ ಇನ್ನೂ ಉದ್ದವಿದೆ. ಸ್ಪೀಡೋಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದಾರಿಯನ್ನು ಅಳೆಯುವುದಿಲ್ಲ. ಆದುದರಿಂದ ಅದು ಮೊದಲು ಸರಿಯಾಗಿ ತೋರಿಸುತ್ತಿತ್ತೆಂದು ಭಾವಿಸಿದರೆ, ಈಗ 80 ಎಂದು ತೋರಿಸುವಾಗ ಗಾಡಿ ಓಡುತ್ತಿರುವುದು 86ರಲ್ಲಿ. ಎಂಜಿನ್ನಿನ ತಿರುಚುಬಲ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಹೆಚ್ಚಿದರೆ ನೆಲವನ್ನು ತಳ್ಳುವ ಬಲ ಸುಮಾರು ಶೇಕಡಾ ಏಳರಷ್ಟು ತಗ್ಗುತ್ತದೆ; ಸನ್ನೆಗೋಲಿನ ಪಾಠವೇ ಇದು. ಏರಿನಲ್ಲಿ ಬೇಕಾದದ್ದು ಆ ಬಲ. ಏರು ಹತ್ತಲೆಂದು ಹಾಕಿಸಿದ ಟೈರು ಏರಿನ ಬಲವನ್ನೇ ತಿನ್ನುತ್ತದೆ! ಬ್ರೇಕಿಗೂ ಇದೇ ನ್ಯಾಯ: ಡಿಸ್ಕು ಹಳೆಯದು, ಚಕ್ರ ಮಾತ್ರ ದೊಡ್ಡದು ಮತ್ತು ಭಾರದ್ದು.

ಇಷ್ಟನ್ನೂ ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವನು ನಕ್ಕು ಕಾಗದವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ.

2023ರ ಜುಲೈ ತಿಂಗಳ ಒಂದು ಬೆಳಿಗ್ಗೆ ಭಾವನವರಿಗೆ ಎದೆ ಹಿಡಿದುಕೊಂಡಿತು. ಪರಿಚಯದ ವೈದ್ಯರು ಫೋನಿನಲ್ಲಿಯೇ ತಡಮಾಡದೆ ಮಂಗಳೂರಿಗೆ ಹೊರಡಿ ಎಂದರು. ಆ ದಿನ ನಾನು ಅಲ್ಲಿಯೇ ಇದ್ದೆ. ಮುಂದೆ ಭಾವ, ಹಿಂದೆ ಅಕ್ಕ ಮತ್ತು ನಾನು, ನಮ್ಮ ಹಿಂದೆ ಬಟ್ಟೆಬರೆಯ ಎರಡು ಚೀಲ. ಹೀಗೆ ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಮಂಜು, ಮಳೆ. ಮೊದಲ ದೊಡ್ಡ ತಿರುವಿನಲ್ಲಿ ಎಡಗಡೆಯ ಮುಂಚಕ್ರದಿಂದ 'ಕರ್ರ್' ಎಂಬ ಸದ್ದು ಬಂದಿತು. ಎರಡನೆಯ ತಿರುವಿನಲ್ಲಿ ಇನ್ನೂ ಜೋರಾಗಿ. ಮೂರನೆಯದರಲ್ಲಿ ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಹರಿದು ಟೈರಿನ ಸಂದಿಗೆ ಸಿಕ್ಕಿಕೊಂಡು, ಸ್ಟೀರಿಂಗ್ ಅರ್ಧದಲ್ಲಿಯೇ ನಿಂತುಬಿಟ್ಟಿತು. ಗಾಡಿಯ ಮೂತಿ ರಸ್ತೆಯ ಅಂಚಿನ ತಡೆಗೋಡೆಯತ್ತ. ಕೆಳಗಿನಿಂದ ಬಸ್ಸೊಂದು ಹಾರ್ನ್ ಹಾಕುತ್ತ ಬರುತ್ತಿತ್ತು. ಹುಡುಗ ಮಳೆಯಲ್ಲಿ ಇಳಿದು, ಚಕ್ರದ ಕೆಳಗೆ ಬೋರಲು ಮಲಗಿ, ಆ ಪ್ಲಾಸ್ಟಿಕ್ಕನ್ನು ಕತ್ತಿಯಿಂದ ಕೊಯ್ದು ಎಳೆದು ಬಿಸಾಡಿ ಬರುವ ಹೊತ್ತಿಗೆ ಹನ್ನೆರಡು ನಿಮಿಷವಾಗಿತ್ತು. ನಾನು ಗಡಿಯಾರವನ್ನೇ ನೋಡುತ್ತ ಕುಳಿತಿದ್ದೆ. ಭಾವನವರು ಏನೂ ಮಾತಾಡಲಿಲ್ಲ. ಅಕ್ಕ ಅವರ ಭುಜದ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಭಾವ ಉಳಿದರು. ಸ್ಟೆಂಟು ಹಾಕಿದರು, ವಾರಕ್ಕೆ ಮನೆಗೆ ಕಳಿಸಿದರು. ಆದರೆ ಆ ಹನ್ನೆರಡು ನಿಮಿಷ ನನ್ನ ಲೆಕ್ಕದ ಹಾಳೆಯಲ್ಲಿ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ವ್ಯಾಸ, ವೇಗ, ಬಲ ಎಲ್ಲವನ್ನೂ ಲೆಕ್ಕ ಹಾಕಿದವನು ಎಲ್ಲಕ್ಕಿಂತ ಸರಳವಾದದ್ದನ್ನು ಬಿಟ್ಟಿದ್ದೆ. ಅಂಗಡಿಯ ಮುಂದೆ, ಸಮತಟ್ಟಾದ ಸಿಮೆಂಟಿನ ಮೇಲೆ, ಖಾಲಿ ಗಾಡಿಯ ಸ್ಟೀರಿಂಗ್ ತಿರುಗಿಸಿದಾಗ ಉಜ್ಜದ ಟೈರು, ನಾಲ್ಕು ಮಂದಿ ಕುಳಿತು, ಸ್ಪ್ರಿಂಗು ಕುಗ್ಗಿ, ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬಂದು, ಅದೇ ಕ್ಷಣದಲ್ಲಿ ಚಕ್ರ ಪೂರ್ತಿ ತಿರುಗಿದಾಗ ಉಜ್ಜುತ್ತದೆ. ಘಾಟಿಯ ತಿರುವು ಎಂದರೆ ಈ ಎಲ್ಲವೂ ಒಟ್ಟಿಗೇ ಸೇರುವ ಜಾಗ. ಆದುದರಿಂದ ಟೈರು ಗಾಡಿಗೆ 'ಕೂರುತ್ತದೆ' ಎಂಬ ಮಾತಿಗೆ, ತುಂಬಿದ ಗಾಡಿಯಲ್ಲಿ ತಿರುವಿನಲ್ಲಿ ಕೂರಬೇಕು ಎಂಬ ಅರ್ಥವಲ್ಲದೆ ಬೇರೆ ಅರ್ಥವಿಲ್ಲವೆಂದೇ ನನ್ನ ಖಚಿತ ಅಭಿಪ್ರಾಯ. ಖಾಲಿ ಗಾಡಿಯ ಪರೀಕ್ಷೆ ಪರೀಕ್ಷೆಯೇ ಅಲ್ಲ. ಪುಸ್ತಕ ತೆರೆದಿಟ್ಟು ಬರೆಸಿದ ಕಾಪಿ.

ಉಜ್ಜಿದರೆ ಒಳಗಿನ ಪ್ಲಾಸ್ಟಿಕ್ಕನ್ನು ಕೊಯ್ದರಾಯಿತು, ಸಸ್ಪೆನ್ಷನ್ನನ್ನು ಎತ್ತರಿಸಿದರಾಯಿತು, ರಿಮ್ಮನ್ನು ಹೊರಕ್ಕೆ ತಳ್ಳಿದರಾಯಿತು ಎಂದು ಸಲಹೆ ಕೊಡುವವರಿದ್ದಾರೆ. ಕಾಡುದಾರಿಯ ಸ್ಪರ್ಧೆಗೆಂದೇ ಗಾಡಿ ಕಟ್ಟುವವರ ಮಾತು ಬೇರೆ. ಅವರ ಕುಶಲತೆಯ ಬಗ್ಗೆ ನನಗೆ ಗೌರವವಿದೆ. ಮನೆಯ ಗಾಡಿಗೆ ಮಾತ್ರ ಒಂದು ಬದಲಾವಣೆಯನ್ನು ಸರಿಪಡಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಹೊರಟರೆ ಕೊನೆಯಿಲ್ಲ. ಕಾನೂನನ್ನೂ ಮರೆಯಬಾರದು. ತಯಾರಕರು ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಪಘಾತವಾದ ಮೇಲೆ ವಿಮೆಯವರು ಪ್ರಶ್ನೆ ಕೇಳುವ ಮೊದಲು ನಾವೇ ಅವರನ್ನು ಲಿಖಿತವಾಗಿ ಕೇಳಿಕೊಳ್ಳುವುದು ಮೇಲು.

ಸ್ಟೆಪ್ನಿಯದು ಇನ್ನೊಂದು ಕಥೆ. ಹುಡುಗ ಕೊಂಡದ್ದು ನಾಲ್ಕೇ ಟೈರು; ಹಿಂಬಾಗಿಲಿನ ಮೇಲೆ ತೂಗುತ್ತಿದ್ದದ್ದು ಹಳೆಯದು. ದೊಡ್ಡ ಟೈರು ಒಂದು ಸುತ್ತಿಗೆ 262 ಸೆಂಟಿಮೀಟರು ಹೋದರೆ ಹಳೆಯದು 243 ಹೋಗುತ್ತದೆ. ಒಂದು ಕಿಲೋಮೀಟರಿಗೆ ಒಂದು 382 ಸುತ್ತು, ಇನ್ನೊಂದು 411. (ಭಾರಕ್ಕೆ ಟೈರು ಕೊಂಚ ಕುಗ್ಗುವುದರಿಂದ ರಸ್ತೆಯಲ್ಲಿ ಈ ಅಂಕಿಗಳು ಸ್ವಲ್ಪ ಬದಲಾದಾವು, ತಾತ್ಪರ್ಯ ಬದಲಾಗದು.) ಒಂದೇ ಅಚ್ಚಿನ ಎರಡು ತುದಿಗಳಲ್ಲಿ ಇಂಥ ಜೋಡಿಯನ್ನು ಕಟ್ಟಿ ಓಡಿಸಿದರೆ ಮಧ್ಯದ ಡಿಫರೆನ್ಷಿಯಲ್ ಬಿಡುವಿಲ್ಲದೆ ಅರೆಯುತ್ತಿರಬೇಕು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲಿವರನ್ನು ಎಳೆದರಂತೂ ಮುಂದಿನ ಅಚ್ಚು ಹಿಂದಿನದು ಒಂದೇ ವೇಗದಲ್ಲಿ ತಿರುಗಲೇಬೇಕು. ಚಕ್ರಗಳು ಮಾತ್ರ ಒಪ್ಪುವುದಿಲ್ಲ. ಆ ಜಗಳದ ಖರ್ಚು ಗೇರ್‌ಪೆಟ್ಟಿಗೆಯ ಲೆಕ್ಕಕ್ಕೆ. ಅಳತೆ ಬದಲಿಸುವುದಾದರೆ ಐದನ್ನೂ ಬದಲಿಸಬೇಕು. ಐದನೆಯದು ಹಿಂಬಾಗಿಲಿನ ಕೀಲಿಗೆ ಭಾರವಾಗದೇ ಎಂದೂ ನೋಡಬೇಕು.

ಇನ್ನು ಟೈರಿನ ಜಾತಿ. ಹಲ್ಲುಗಳು ಒರಟಾಗಿ, ದೂರ ದೂರವಾಗಿ ಇರುವ ಮಡ್ ಟೆರೇನ್ ಟೈರು ಕೆಸರನ್ನು ಎಸೆದು ಮುಂದೆ ಸಾಗುತ್ತದೆ, ನಿಜ. ಆದರೆ ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಡಿಮೆ, ಗದ್ದಲ ಹೆಚ್ಚು, ಸವೆತವೂ ಬೇಗ. ಆಲ್ ಟೆರೇನ್ ಎಂಬುದು ಹೆಸರು ಹೇಳುವಷ್ಟು ಸರ್ವಶಕ್ತವಲ್ಲ. ಅದು ಒಂದು ರಾಜಿ. ಅಂಟು ಕೆಸರಿನಲ್ಲಿ ಅದರ ಸಂದುಗಳು ತುಂಬಿಕೊಂಡರೆ ಕೆಲವು ಮಾರಿಗೇ ಬೋಳು ಟೈರಿನಂತಾಗುತ್ತದೆ. ಹೀಗಿದ್ದೂ ತೋಟದವನಿಗೆ ಅದೇ ಸರಿ ಎನ್ನುತ್ತೇನೆ. ನಾನು ಅಕ್ಕನ ಮಗನಿಗೆ ಒಂದು ತಿಂಗಳು ದಿನಚರಿ ಬರೆದಿಡಲು ಹೇಳಿದೆ. ಓಡಿದ್ದು ಸುಮಾರು ಸಾವಿರದ ಇನ್ನೂರು ಕಿಲೋಮೀಟರು. ಅದರಲ್ಲಿ ಮಣ್ಣಿನ ದಾರಿ ಎಪ್ಪತ್ತು. ಉಳಿದದ್ದೆಲ್ಲ ಟಾರು, ಅದೂ ಹೆಚ್ಚಿನ ಪಾಲು ಒದ್ದೆ ಟಾರು. ಎಪ್ಪತ್ತಕ್ಕಾಗಿ ಸಾವಿರದ ನೂರ ಮೂವತ್ತನ್ನು ಅಡವಿಡುವುದೇ? ಮಣ್ಣಿಗೆ ಇಳಿದಾಗ ಸ್ವಲ್ಪ ಗಾಳಿ ಇಳಿಸಿ, ಟಾರಿಗೆ ಬಂದೊಡನೆ ತುಂಬಿಸಿಕೊಂಡರೆ ಸಿಗುವ ಹಿಡಿತ ದೊಡ್ಡ ಟೈರಿನಿಂದ ಸಿಗುವ ಹಿಡಿತಕ್ಕಿಂತ ಅಗ್ಗ. ಒಂದು ಸಣ್ಣ ಪಂಪು, ಒಂದು ಗೇಜು ಸಾಕು.

ಕೊಳ್ಳುವಾಗ ಓದಬೇಕಾದ ಅಕ್ಷರಗಳು ಇನ್ನೂ ಇವೆ. ಅಳತೆಯ ಮುಂದೆ 111 ಎಂದೋ 116 ಎಂದೋ ಒಂದು ಸಂಖ್ಯೆ, ಅದಕ್ಕಂಟಿ ಒಂದು ಅಕ್ಷರ. 111 ಎಂದರೆ ಒಂದು ಟೈರು 1090 ಕಿಲೋ ಹೊರಬಲ್ಲದು. 116 ಎಂದರೆ 1250. 'ಎಸ್' ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಇವೆರಡೂ ಕೆಳಗಿಳಿಯಬಾರದು. ಅಂಚಿನಲ್ಲಿ ನಾಲ್ಕಂಕಿಯ ಇನ್ನೊಂದು ಗುರುತಿರುತ್ತದೆ: 2319 ಎಂದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಗೋದಾಮಿನಲ್ಲಿ ನಾಲ್ಕೈದು ವರ್ಷ ಮಲಗಿದ್ದ ಟೈರನ್ನು ಹೊಸತೆಂದು ಕೊಡುವವರಿದ್ದಾರೆ. ರಬ್ಬರಿಗೂ ನಮ್ಮಂತೆಯೇ ವಯಸ್ಸಾಗುತ್ತದೆ.

ಆ ಮಳೆಗಾಲ ಮುಗಿದ ಮೇಲೆ ಹುಡುಗ ದೊಡ್ಡ ಟೈರುಗಳನ್ನು ಮಾರಿದ. ಅರ್ಧ ಬೆಲೆಯೂ ಬರಲಿಲ್ಲ. ಹೊಸದಕ್ಕೆ ಹೋಗುವಾಗ ನನ್ನನ್ನೂ ಕರೆದ, ಜೊತೆಗೆ ಐವತ್ತು ಕಿಲೋದ ಎರಡು ಕಾಫಿ ಮೂಟೆಗಳನ್ನೂ ಹೇರಿಕೊಂಡ. ಅವನ ಆಸೆ ಪೂರ್ತಿ ಹೋಗಿರಲಿಲ್ಲ. 265/75 ಆರ್ 16 ಆದರೂ ಆಗಬಹುದೇ ನೋಡೋಣ ಎಂದ. ವ್ಯಾಸ 803.9, ಮೂರು ಸೆಂಟಿಮೀಟರು ಹೆಚ್ಚು. ನೋಡುವುದರಲ್ಲಿ ತಪ್ಪಿಲ್ಲವೆಂದೆ. ಅಂಗಡಿಯವರು ಮುಂದಿನ ಎರಡು ಚಕ್ರಕ್ಕೆ ಅದನ್ನು ತೊಡಿಸಿದರು. ನಾನು ಮುಂದೆ ಕುಳಿತೆ, ಮೂಟೆಗಳು ಹಿಂದೆ. ಎಡಚಕ್ರವನ್ನು ಒಂದು ದಪ್ಪ ಹಲಗೆಯ ರಾಶಿಯ ಮೇಲೆ ಹತ್ತಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅವನು ಕೆಳಗಿಳಿದು ಟೈರಿಗೂ ಒಳಹೊದಿಕೆಗೂ ನಡುವೆ ಬೆರಳು ತೂರಿಸಿ ನೋಡಿದ. ಆಮೇಲೆ ಬಲಗಡೆ. ಒಂದು ಕಡೆ ಒಂದು ಬೆರಳು ಹೋಯಿತು, ಇನ್ನೊಂದು ಕಡೆ ಕಿರುಬೆರಳೂ ಹೋಗಲಿಲ್ಲ.

"ನಾಲ್ಕು ದಿನ ಉಜ್ಜಿದರೆ ತಾನೇ ಜಾಗ ಮಾಡಿಕೊಳ್ಳುತ್ತೆ ಸಾರ್," ಎಂದ ಅಂಗಡಿಯ ಹುಡುಗ.

ನನ್ನ ಶಿಷ್ಯ ಉತ್ತರ ಕೊಡಲಿಲ್ಲ. ಎದ್ದು ಕೈ ಒರೆಸಿಕೊಂಡು, 245/75ರ ಆಲ್ ಟೆರೇನ್ ಟೈರನ್ನೇ ತೆಗೆಸಿದ. ತಯಾರಾದ ವಾರವನ್ನು ಓದಿ ನೋಡಿದ. ನಾಲ್ಕು ಸಾಕಲ್ಲವೇ ಎಂದು ಅಂಗಡಿಯವರು ಕೇಳಿದಾಗ ಐದು ಎಂದ.