ಎರಡನೇ ಸಲಕ್ಕೂ ಅದೇ ಶಿಕ್ಷೆಯೇ?

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು, ಮೇಲುಕಾಮನಹಳ್ಳಿಗಳಲ್ಲಿ ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬೀಳುತ್ತದೆ. 2009ರಿಂದ ಹೀಗೇ. ಆಂಬುಲೆನ್ಸು, ಕೆಲವು ಬಸ್ಸು ಬಿಟ್ಟರೆ ಉಳಿದವರು ಬೆಳಗಿನ ಆರರವರೆಗೆ ಕಾಯಲೇಬೇಕು. ಆದೇಶದ ಜೊತೆ ಅದನ್ನು ಕಾಯುವ ಮನುಷ್ಯನೂ ಅಲ್ಲಿ ನಿಂತಿದ್ದಾನೆ.

ಈಗ ಅದೇ ತಾಲ್ಲೂಕಿನ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಚೆಂಡು ಹೂ ಬಿಡಿಸುವ ಕೂಲಿ ಬಿಟ್ಟು ಕೋರ್ಟಿಗೆ ಅಲೆದು, ಗಂಡ ತನ್ನ ಹತ್ತಿರ ಸುಳಿಯಬಾರದೆಂಬ ರಕ್ಷಣಾ ಆದೇಶ ಪಡೆದಿದ್ದಾಳೆ. ವಾರ ಕಳೆಯುವುದರೊಳಗೆ ಅವನು ಬಾಗಿಲು ಬಡಿಯುತ್ತಾನೆ. ಮುಂದಿನ ತಿಂಗಳು ಮತ್ತೆ. ಎಷ್ಟು ಸಲ ಬಡಿದರೆ ಶಿಕ್ಷೆ ಹೆಚ್ಚುತ್ತದೆ?

ಹೆಚ್ಚುವುದೇ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 31ನೇ ಕಲಮಿನಲ್ಲಿ ಇರುವುದು ಒಂದೇ ಅಳತೆ: ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಸಲಕ್ಕೂ ಅದೇ, ಹತ್ತನೇ ಸಲಕ್ಕೂ ಅದೇ. ಕನಿಷ್ಠ ಶಿಕ್ಷೆ ಎಂಬುದಿಲ್ಲ. ಪ್ರತಿಸಲವೂ ದಂಡ ಕಟ್ಟಿಯೇ ಹೊರಬರಬಹುದು.

ನಮ್ಮ ಕಾನೂನಿಗೆ ಲೆಕ್ಕ ಬರುವುದಿಲ್ಲವೇ? ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಜೈಲು. ಎರಡನೇ ಸಲ ಸಾಬೀತಾದರೆ ಕನಿಷ್ಠ ಒಂದು, ಗರಿಷ್ಠ ಐದು. ಹೆಣ್ಣನ್ನು ಹಿಂಬಾಲಿಸಿ ಕಾಡುವವನಿಗೂ ಎರಡನೇ ಸಲಕ್ಕೆ ಮಿತಿ ಮೂರರಿಂದ ಐದಕ್ಕೆ ಏರುತ್ತದೆ. ಸೈಕಲ್ಲು ಕದ್ದವನ ಚಾಳಿಯನ್ನು ಎಣಿಸುವ ಕಾನೂನು, ಕೋರ್ಟಿನ ಆದೇಶ ಮುರಿದ ಗಂಡನ ಚಾಳಿಯನ್ನೇಕೆ ಎಣಿಸುವುದಿಲ್ಲ?

‘ಜೈಲಿಗೆ ಹಾಕಿದರೆ ಸಂಸಾರ ಒಡೆಯುತ್ತದೆ’ ಎನ್ನುವವರಿದ್ದಾರೆ. ಸ್ವಾಮಿ, ರಕ್ಷಣಾ ಆದೇಶ ಹೊರಡುವ ಹೊತ್ತಿಗೆ ಸಂಸಾರ ಒಡೆದಾಗಿರುತ್ತದೆ. ಆಮೇಲೆ ಮುರಿಯುವುದು ಕೋರ್ಟಿನ ಮಾತು.

ಶಿಕ್ಷೆ ಹೆಚ್ಚಿಸಿದರಷ್ಟೇ ಸಾಲದು, ಒಪ್ಪುತ್ತೇನೆ. 32ನೇ ಕಲಮಿನ ಪ್ರಕಾರ ಇದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ; ಅವಳೊಬ್ಬಳ ಸಾಕ್ಷ್ಯದ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದು. ಆದರೆ ಠಾಣೆಯಲ್ಲಿ ‘ಹೊಂದಿಕೊಂಡು ಹೋಗಮ್ಮ’ ಎಂದುಬಿಟ್ಟರೆ ಆ ಕಲಮು ಪುಸ್ತಕದಲ್ಲೇ ಉಳಿಯುತ್ತದೆ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯೂ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಗಲಿಗೇ ಬಿದ್ದಿದೆ. ಮೊಟ್ಟೆ, ಹಾಲಿನಪುಡಿಯ ಲೆಕ್ಕ ಬರೆಯುವವರು ಅವಳ ಬಾಗಿಲನ್ನು ಯಾವಾಗ ಕಾಯಬೇಕು?

ಆದ್ದರಿಂದ ಕೇಳುವುದು ಎರಡೇ. ಎರಡನೇ ಉಲ್ಲಂಘನೆ ಸಾಬೀತಾದರೆ ಜೈಲು ಕಡ್ಡಾಯವಾಗಲಿ. ಚಾಮರಾಜನಗರಕ್ಕೊಬ್ಬರು, ಗುಂಡ್ಲುಪೇಟೆಗೊಬ್ಬರು, ಬೇರೆ ಕೆಲಸವಿಲ್ಲದ ಸಂರಕ್ಷಣಾಧಿಕಾರಿ ಬರಲಿ. ಆನೆ ದಾಟುವ ದಾರಿಗೆ ಇಡೀ ರಾತ್ರಿ ಕಾವಲು ನಿಲ್ಲಿಸಿದ ಜಿಲ್ಲೆ ಇದು. ಇದು ಆಗದ ಕೆಲಸವೆಂದು ಇಲ್ಲಿ ಯಾರೂ ಹೇಳುವಂತಿಲ್ಲ.